ರೇಡಿಯೇಟರ್ ಕಾಕನ ಮುಂದೆ ಪ್ರಮಾಣ

ಪಾಣೆಮಂಗಳೂರು ಪೇಟೆಯಿಂದ ಹೊಳೆಯ ಕಡೆ ಇಳಿಯುವ ದಾರಿಯಲ್ಲಿ ಒಂದು ತಗಡಿನ ಮಾಡಿನ ಅಂಗಡಿ ಇತ್ತು. ಹೊಸಬರು ಯಾರಾದರೂ ಆ ದಾರಿಯಲ್ಲಿ ಹೋದರೆ ಒಂದು ಕ್ಷಣ ನಿಂತು ನೋಡುತ್ತಿದ್ದರು. ಅಂಗಡಿಯ ಮುಂದೆ ಬಾನೆಟ್ ಎತ್ತಿದ ಗಾಡಿ. ಅದರೊಳಗೆ ಕೈ ಇಟ್ಟುಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವಂತೆ ಏನನ್ನೋ ಗಟ್ಟಿಯಾಗಿ ಹೇಳುತ್ತ ನಿಂತಿರುವ ಗಾಡಿಯ ಯಜಮಾನ. ಬಸ್ಸಿನ ಡ್ರೈವರ್ ಆದರೆ "ಮೆಲ್ಕಾರ್, ಕಲ್ಲಡ್ಕ, ಮಾಣಿ" ಎಂದು ಸ್ಟಾಪುಗಳ ಹೆಸರು ಹೇಳುತ್ತಿದ್ದ. ಮೇಷ್ಟ್ರಾದರೆ ಹದಿನೇಳರ ಮಗ್ಗಿ. ಒಬ್ಬ ಅಡಿಕೆ ವ್ಯಾಪಾರಿ ತನ್ನ ಒಂಬತ್ತು ಮಕ್ಕಳ ಹೆಸರನ್ನು ಹಿರಿಯವಳಿಂದ ಕಿರಿಯವನವರೆಗೆ ಹೇಳುವುದನ್ನು ನಾನೇ ಕೇಳಿದ್ದೇನೆ. ಎದುರಿಗೆ ಒಂದು ಸ್ಟೂಲಿನ ಮೇಲೆ ಬಿಳಿ ಟೊಪ್ಪಿ, ಚೌಕುಳಿ ಲುಂಗಿಯ ಒಬ್ಬರು ಕಣ್ಣು ಮುಚ್ಚಿ ಕೇಳುತ್ತ ಕೂತಿರುತ್ತಿದ್ದರು. ಅವರೇ ರೇಡಿಯೇಟರ್ ಕಾಕ.

ನಮ್ಮಲ್ಲಿ ಹಿರಿಯ ಬ್ಯಾರಿ ಮುಸಲ್ಮಾನರನ್ನು ಕಾಕ ಎಂದು ಕರೆಯುವುದು ವಾಡಿಕೆ. ಅವರ ಹೆಸರು ನನಗೆ ಗೊತ್ತು, ಆದರೆ ಬರೆಯುವುದಿಲ್ಲ. ಅಂಗಡಿಗೆ ಬೋರ್ಡು ಕೂಡ ಹಾಕದ ಮನುಷ್ಯ ಅವರು. "ಬೇಕಾದವರಿಗೆ ಗೊತ್ತುಂಟು, ಬೇಡದವರಿಗೆ ಯಾಕೆ ಓದಿಸುವುದು?" ಎನ್ನುತ್ತಿದ್ದರು. ಅವರ ಬಗ್ಗೆ ಒಂದು ವಿಷಯವನ್ನು ನಾನು ಎಷ್ಟೋ ವರ್ಷ ಬಾಯಿ ಬಿಡದೆ ಇಟ್ಟುಕೊಂಡಿದ್ದೆ. ಬಾಯಿ ಬಿಡದೆ ಇರುವುದು ವಕೀಲನಿಗೆ ಸಣ್ಣ ಕಷ್ಟವಲ್ಲ. ಈಗ ಅವರಿಲ್ಲ, ಹೇಳಬಹುದು.

ಮೊದಲು ನನ್ನ ವಿಷಯ ಸ್ವಲ್ಪ ಹೇಳಬೇಕು. ಮೂರನೆಯ ವಯಸ್ಸಿನಲ್ಲಿ ಬಂದ ಪೋಲಿಯೋ ನನ್ನ ಎಡಗಾಲನ್ನು ಹೆಸರಿಗೆ ಮಾತ್ರ ಉಳಿಸಿ ಹೋಗಿತ್ತು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರೂ ಊರಿನ ಕೋರ್ಟಿನಲ್ಲಿ ನನಗೆ ಕೇಸುಗಳಿದ್ದವು. ಹದಿನಾಲ್ಕು ವರ್ಷ ಬಸ್ಸಿನಲ್ಲಿ ತಿರುಗಿದೆ. ಕಂಡಕ್ಟರುಗಳು ಒಳ್ಳೆಯವರು. ಕೈ ಹಿಡಿದು ಹತ್ತಿಸುತ್ತಿದ್ದರು, ಸೀಟು ಬಿಡಿಸಿ ಕೊಡುತ್ತಿದ್ದರು. ಆ ಒಳ್ಳೆಯತನವೇ ನನಗೆ ಸಾಕುಸಾಕಾಗಿತ್ತು. ದಿನಕ್ಕೆ ನಾಲ್ಕು ಸಲ ಇಡೀ ಬಸ್ಸಿನ ಕರುಣೆಯ ನೋಟವನ್ನು ದಾಟಿ ಹೋಗಿ, ಆಮೇಲೆ ಎದುರಾಳಿಯ ಸಾಕ್ಷಿಯನ್ನು ಗದರಿಸುವುದು ಹೇಗೆ ಎಂದು ಯಾರಾದರೂ ಯೋಚಿಸಿದ್ದಾರೆಯೇ?

ತೊಂಬತ್ತರ ದಶಕದ ಕೊನೆಗೆ ವಿದೇಶದಿಂದ ಮರಳಿದ ಒಬ್ಬರು ತಮ್ಮ ಹಳೆಯ ಬಿಳಿ ಗಾಡಿಯನ್ನು ಮಾರಲು ಇಟ್ಟರು. ಜೀಪಿಗಿಂತ ಸ್ವಲ್ಪ ದೊಡ್ಡದು, ಆಟೋಮ್ಯಾಟಿಕ್. ಕ್ಲಚ್ ಇಲ್ಲ, ಎಡಗಾಲಿಗೆ ಕೆಲಸವೇ ಇಲ್ಲ. ಅದನ್ನು ನಾನೇ ಓಡಿಸಿಕೊಂಡು ಮೊದಲ ದಿನ ಬೆಳ್ತಂಗಡಿ ಕೋರ್ಟಿನ ಅಂಗಳಕ್ಕೆ ಬಂದಾಗ ಆದ ಸಂತೋಷ, ಸನ್ನದು ಸಿಕ್ಕಿದ ದಿನವೂ ಆಗಿರಲಿಲ್ಲ.

ಎರಡು ವರ್ಷ ಚೆನ್ನಾಗಿ ಓಡಿತು. ಆಮೇಲೊಂದು ಬೇಸಿಗೆಯ ಮಧ್ಯಾಹ್ನ ಮೂಡುಬಿದಿರೆಗೆ ಹೋಗುವಾಗ ಸಿದ್ದಕಟ್ಟೆಯ ಹತ್ತಿರದ ಏರಿನಲ್ಲಿ ಎಂಜಿನ್ ಬೊಬ್ಬೆ ಹೊಡೆಯುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಸುಟ್ಟ ವಾಸನೆ. ಮಂಗಳೂರಿನ ಗ್ಯಾರೇಜಿನವರು ಗೇರ್‌ಬಾಕ್ಸ್ ಬಿಚ್ಚಿ, ಒಳಗಿನ ಎಣ್ಣೆ ಕುದಿದು ಕಪ್ಪಾಗಿದೆ ಎಂದರು. ಎಲ್ಲಿಂದಲೋ ಬಿಡಿಭಾಗ ತರಿಸಿ ಸರಿಮಾಡಿಕೊಟ್ಟು ಒಂದು ಮಾತು ಹೇಳಿದರು. "ಇನ್ನೊಮ್ಮೆ ಸುಟ್ರೆ ನಮ್ಮತ್ರ ತರ್ಬೇಡಿ, ಗುಜರಿಗೆ ಕೊಡಿ. ಆದಷ್ಟು ಸಮತಟ್ಟು ರಸ್ತೆಯಲ್ಲೇ ಓಡ್ಸಿ." ನಮ್ಮ ತಾಲೂಕಿನಲ್ಲಿ ಸಮತಟ್ಟು ಇರುವುದು ನೇತ್ರಾವತಿಯ ಮೇಲೆ ಮಾತ್ರ. ಮತ್ತೆ ಬಸ್ಸಿನ ಮೆಟ್ಟಿಲು ಕಣ್ಣೆದುರು ಬಂದು ನಿಂತಿತು.

ಹೀಗೆ ಕಾಕನ ಅಂಗಡಿಗೆ ಹೋದವನು ನಾನು. ಅವರು ರೇಡಿಯೇಟರ್ ಬೆಸುಗೆ ಹಾಕುವವರು, ಗೇರ್‌ಬಾಕ್ಸಿನ ಮನುಷ್ಯರಲ್ಲ. ಆದರೆ ಹಿಂದೆ ಸೌದಿಯ ದಮ್ಮಾಮಿನ ಗ್ಯಾರೇಜಿನಲ್ಲಿ ಹನ್ನೊಂದು ವರ್ಷ ಇದ್ದವರು ಎಂದು ಯಾರೋ ಹೇಳಿದ್ದರು. ಎಲ್ಲರ ಹತ್ತಿರ ತುಳುವಿನಲ್ಲಿ ಮಾತಾಡುವ ಕಾಕ, ಕಪ್ಪು ಕೋಟು ಕಂಡ ಕೂಡಲೇ ಕನ್ನಡಕ್ಕೆ ಬರುತ್ತಿದ್ದರು. ಅದೂ ಏಳನೇ ಕ್ಲಾಸಿನ ಪುಸ್ತಕದ ಕನ್ನಡ.

"ಗಾಡಿಯನ್ನು ಹತ್ತು ನಿಮಿಷ ಓಡಿಸಿ ತನ್ನಿ. ಹೆಚ್ಚು ಬೇಡ," ಎಂದರು. ಓಡಿಸಿ ತಂದೆ. ಬಾನೆಟ್ ಎತ್ತಿ, ಗೇರ್‌ಬಾಕ್ಸಿನಿಂದ ಬರುವ ಒಂದು ಸಣ್ಣ ಪೈಪು ತೋರಿಸಿದರು. "ಇದಕ್ಕೆ ಕೈ ಇಡಿ. ನಿಮಗೆ ಬಾಯಿಪಾಠ ಏನು ಬರ್ತದೆ?"

ನನಗೆ ನಗು ಬಂತು. "ಸಾಕ್ಷಿ ಹೇಳುವವರ ಪ್ರಮಾಣ ಬರ್ತದೆ."

"ಅದೇ ಆಗಲಿ. ಪೂರ್ತಿ ಹೇಳಿ."

ಕೈ ಇಟ್ಟೆ. "ದೇವರ ಮುಂದೆ ಪ್ರಮಾಣ ಮಾಡಿ ಹೇಳುತ್ತೇನೆ, ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ." ಪೈಪು ಚೆನ್ನಾಗಿಯೇ ಬಿಸಿಯಿತ್ತು. ಆದರೆ ಅಂಗಡಿಯಲ್ಲಿ ಇನ್ನೂ ನಾಲ್ಕು ಜನ ಇದ್ದರು, ಕಾಲು ಹೋದವನಿಗೆ ಕೈಯೂ ಆಗುವುದಿಲ್ಲ ಎಂದು ತೋರಿಸುವುದು ಬೇಡವೆಂದು ಹಲ್ಲು ಕಚ್ಚಿ ಕೊನೆಯವರೆಗೆ ಹೇಳಿ ಮುಗಿಸಿದೆ.

"ಏನೂ ಅಷ್ಟು ಬಿಸಿ ಇಲ್ಲ ಕಾಕ."

ಕಾಕ ಕಣ್ಣು ತೆರೆಯಲಿಲ್ಲ. "ವಕೀಲರೇ, ಸುಳ್ಳು ಸಾಕ್ಷಿ ಹೇಳ್ಬಾರ್ದು. ಎರಡನೇ 'ಸತ್ಯ' ಬರುವಾಗಲೇ ನಿಮ್ಮ ಸ್ವರ ಏರಿತು."

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಹದಿನಾರು ವರ್ಷ ಬೇರೆಯವರ ಸುಳ್ಳನ್ನು ಹಿಡಿದವನು ನಾನು, ಒಂದು ಪೈಪಿನ ಮುಂದೆ ಸಿಕ್ಕಿಬಿದ್ದಿದ್ದೆ. ಆ ಹೊತ್ತಿಗೇ ನನಗೆ ಅವರ ಮೇಲೆ ಒಂದು ಬಗೆಯ ಭಯಭಕ್ತಿ ಹುಟ್ಟಿತು.

ಅವರ ತೀರ್ಮಾನ ಸರಳವಾಗಿತ್ತು. ಗೇರ್‌ಬಾಕ್ಸಿನ ಎಣ್ಣೆ ರೇಡಿಯೇಟರಿನ ಕೆಳಗಿನ ಭಾಗಕ್ಕೆ ಬಂದು ತಣಿದು ವಾಪಸು ಹೋಗುತ್ತದೆ. ನಮ್ಮ ಏರಿಗೆ, ನಮ್ಮ ಬಿಸಿಲಿಗೆ ಆ ತಣಿಯುವಿಕೆ ಸಾಲದು. ವಾಪಸು ಹೋಗುವ ದಾರಿಯಲ್ಲಿ ಇನ್ನೊಂದು ಕೂಲರ್ ಇಡಬೇಕು. ಯಾವುದು, ಎಷ್ಟು ದೊಡ್ಡದು ಎಂದು ಕೇಳಿದರೆ, "ನಿಮ್ಮ ದಾರಿ ನೋಡದೆ ನಾನು ಏನು ಹೇಳುವುದು?" ಎಂದರು.

ಮರುದಿನವೇ ನನ್ನ ಜೊತೆ ಗಾಡಿ ಹತ್ತಿದರು. ಬಂಟ್ವಾಳದಿಂದ ಮೂಡುಬಿದಿರೆ, ಅಲ್ಲಿಂದ ವೇಣೂರಿನ ಮೇಲೆ ಬೆಳ್ತಂಗಡಿ, ಮಡಂತ್ಯಾರಿನ ಮೇಲೆ ಮನೆಗೆ. ನಾನು ಒಳಗೆ ವಾದಿಸುವಾಗ ಅವರು ಕೋರ್ಟಿನ ಕೊನೆಯ ಬೆಂಚಿನಲ್ಲಿ ಟೊಪ್ಪಿ ಸರಿಮಾಡಿಕೊಂಡು ಕೂತು, ಸಾಕ್ಷಿಗಳು ಪ್ರಮಾಣ ಮಾಡುವುದನ್ನು ಕೇಳುತ್ತಿದ್ದರು. "ಆ ನೀಲಿ ಅಂಗಿಯವನು ಹೇಳಿದ್ದು ಎಲ್ಲಾ ಬಂಡಲ್," ಎಂದರು ಹೊರಗೆ ಬಂದ ಮೇಲೆ. ಅವನು ನನ್ನ ಸಾಕ್ಷಿ. ಕೇಸು ಬಿದ್ದುಹೋದಾಗ ನನಗೆ ಆಶ್ಚರ್ಯವಾಗಲಿಲ್ಲ.

ದಾರಿಯಲ್ಲಿ ಕಾಕ ಎರಡೇ ಮಾತು ಹೇಳಿದರು. ಒಂದು, ವೇಣೂರಿನಲ್ಲಿ ಸಕ್ಕರೆ ಹಾಕದ ಕಪ್ಪು ಚಾ ಬೇಕು ಎಂದು. ಇನ್ನೊಂದು, ಏರಿನಲ್ಲಿ ಎದುರಿಗೆ ಬಸ್ಸು ಬಂದು ನಾನು ನಿಂತಾಗ. "ನೀವು ಗಾಡಿಯನ್ನು ಆಕ್ಸಿಲರೇಟರಿನಲ್ಲೇ ಹಿಡಿದು ನಿಲ್ಲಿಸ್ತೀರಿ ಮಾರಾಯ್ರೆ. ಕಾಲು ತೆಗೆದು ಬ್ರೇಕಿಗೆ ಹಾಕಿ. ಎಣ್ಣೆ ಕುದಿಯುವುದು ಅಲ್ಲಿ." ಮಂಗಳೂರಿನ ಗ್ಯಾರೇಜಿನವರು ಗೇರ್‌ಬಾಕ್ಸನ್ನು ನಟ್ಟುನಟ್ಟು ಬಿಚ್ಚಿದ್ದರು, ನನ್ನ ಬಲಗಾಲನ್ನು ನೋಡಿರಲಿಲ್ಲ.

ನಾನು ಸುಮ್ಮನಿರುವ ಜಾತಿಯಲ್ಲ. ದೊಡ್ಡದಾದಷ್ಟೂ ತಂಪು ಎಂದು ನನ್ನಷ್ಟಕ್ಕೇ ವಾದ ಮಾಡಿಕೊಂಡು, ಮಂಗಳೂರಿನ ಗುಜರಿಯಿಂದ ಯಾವುದೋ ಮಣ್ಣು ಅಗೆಯುವ ಯಂತ್ರದ ಆಯಿಲ್ ಕೂಲರನ್ನು ಗಾಡಿಯ ಹಿಂದೆ ಹಾಕಿಕೊಂಡು ತಂದೆ. ಇಬ್ಬರು ಹಿಡಿದು ಇಳಿಸಬೇಕಾಯಿತು. ಕಾಕ ಅದರ ಸುತ್ತ ಒಂದು ಸುತ್ತು ಬಂದರು.

"ಮನೆಗೆ ಕಿಟಕಿ ಮಾಡಿಸ್ತೀರಾ?"

"ಅಲ್ಲ ಕಾಕ, ದೊಡ್ಡದು ಇದ್ದರೆ ಒಳ್ಳೆಯದಲ್ವಾ?"

"ರೇಡಿಯೇಟರಿಗೆ ಗಾಳಿ ಬೇಡವಾ? ಇದನ್ನು ಎದುರಿಗೆ ಇಟ್ಟರೆ ಗೋಡೆ ಕಟ್ಟಿದ ಹಾಗೆ. ಗೇರ್‌ಬಾಕ್ಸ್ ತಂಪಾಗ್ತದೆ, ಎಂಜಿನ್ ಕುದಿತದೆ. ಮತ್ತೆ ಇದರ ಹೊಟ್ಟೆಯಲ್ಲಿ ಬೇರೆ ಮೆಷಿನಿನ ಕಬ್ಬಿಣದ ಪುಡಿ ಉಂಟು. ಎಷ್ಟು ತೊಳೆದರೂ ಹೋಗುವುದಿಲ್ಲ." ಗಾಡಿಯ ಮುಂದೆ ಕೂತು ಗೇಣು ಹಾಕಿ ಅಳೆದರು. ಒಂದೂವರೆ ಗೇಣು ಉದ್ದ, ಒಂದು ಗೇಣು ಎತ್ತರ, ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ನಮೂನೆಯದು. "ಇಷ್ಟೇ ಸಾಕು. ಇಲ್ಲಿ ಸಿಗುವುದಿಲ್ಲ. ತಂಗಿಯ ಮಗ ಬರುವ ತಿಂಗಳು ಊರಿಗೆ ಬರ್ತಾನೆ, ತರಿಸುವ."

ನಮ್ಮ ಕಡೆ ಕೊಲ್ಲಿಯಿಂದ ಬರುವವರ ಪೆಟ್ಟಿಗೆ ಅವರೊಬ್ಬರದೇ ಅಲ್ಲ. ಒಬ್ಬರ ಅತ್ತರು, ಇನ್ನೊಬ್ಬರ ಖರ್ಜೂರ, ಮತ್ತೊಬ್ಬರ ಮಗುವಿನ ಆಟಿಕೆ, ಎಲ್ಲ ಅದರಲ್ಲೇ ಬರಬೇಕು. ನನ್ನ ಕೂಲರು ಹುಲಿಯ ಚಿತ್ರದ ಒಂದು ಕಂಬಳಿಯೊಳಗೆ ಸುತ್ತಿಕೊಂಡು ವಿಮಾನದಲ್ಲಿ ಬಂತು. ತಂಗಿಯ ಮನೆ ಮಡಂತ್ಯಾರಿನಲ್ಲಿ. ಬೆಳ್ತಂಗಡಿಯಿಂದ ಬರುವಾಗ ನಾನೇ ತೆಗೆದುಕೊಂಡು ಹೋಗುವುದೆಂದಾಗಿತ್ತು. ಹೋಗಿ ನೋಡುತ್ತೇನೆ, ಅಂಗಳದಲ್ಲಿ ಬಟ್ಟೆ ಒಣಗಿಸುವ ಹಗ್ಗದಲ್ಲಿ ಲಂಗ, ಟವೆಲುಗಳ ನಡುವೆ ನನ್ನ ಕೂಲರು ನೇತಾಡುತ್ತಿದೆ.

"ಪೆಟ್ಟಿಗೆಯಲ್ಲಿ ಅತ್ತರಿನ ಬಾಟ್ಲಿ ಒಡೆದಿತ್ತು ವಕೀಲರೇ," ಎಂದರು ಕಾಕನ ತಂಗಿ ಸಂಕೋಚದಿಂದ. "ಪೂರಾ ವಾಸನೆ. ನಿಮಗೆ ಹಾಗೇ ಕೊಡುವುದು ಹೇಗೆ? ಸೋಪಿನ ನೀರಿನಲ್ಲಿ ಅದ್ದಿ ತೊಳೆದೆ. ಎರಡು ಮುಚ್ಚಳ ಉಂಟಲ್ಲ, ಅದನ್ನೂ ತೆಗೆದು ಒಳಗೆ ನೀರು ಬಿಟ್ಟು ಚೆಂದ ಕುಲುಕಿದೆ."

ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ನೀರು ಹೋದರೆ ವಿಷ ಹೋದ ಹಾಗೆ ಎಂದು ಅಷ್ಟರಲ್ಲಿ ನನಗೂ ಗೊತ್ತಿತ್ತು. ಆ ಹೆಂಗಸಿನ ಮುಖ ನೋಡಿ, ಉಪಕಾರವಾಯಿತು ಎಂದೆ. ಚಾ ಕುಡಿದು, ಒದ್ದೆ ಕೂಲರನ್ನು ಮಗುವಿನಂತೆ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಬಂದೆ.

ಕಾಕ ಬೈಯಲಿಲ್ಲ. ಕೂಲರನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲುಗಾಡಿಸಿದರು. "ಉಂಟು, ಎರಡು ಚಮಚ ಉಂಟು," ಎಂದರು. ಅದನ್ನು ತಗಡಿನ ಮಾಡಿನ ಮೇಲೆ ಬಿಸಿಲಿಗಿಟ್ಟರು, ಗಾಳಿ ಊದಿದರು, ಗೇರ್‌ಬಾಕ್ಸಿನ ಕೆಂಪು ಎಣ್ಣೆಯನ್ನೇ ಹಾಕಿ ಕುಲುಕಿ ಹೊರಗೆ ಸುರಿದರು. ಸುರಿದ ಎಣ್ಣೆಯ ಒಂದು ತೊಟ್ಟನ್ನು ಸ್ಟವ್ವಿನ ಮೇಲೆ ಕಾದ ಕಾವಲಿಗೆ ಬಿಡುವುದು, ಕಿವಿ ಕೊಟ್ಟು ಕೇಳುವುದು. ಚುರ್ ಎಂದರೆ ಒಳಗೆ ಇನ್ನೂ ನೀರಿದೆ ಎಂದರ್ಥ. ಮೊದಲ ದಿನ ಚುರ್ ಎಂದಿತು. ಎರಡನೆಯ ದಿನ ನನಗೇನೂ ಕೇಳಿಸಲಿಲ್ಲ; "ಉಂಟು," ಎಂದರು ಕಾಕ. ಮೂರನೆಯ ದಿನ ಅವರು ಕಾವಲಿಯ ಮೇಲೆ ಬಾಗಿ ಬಹಳ ಹೊತ್ತು ಇದ್ದರು. ಆಮೇಲೆ ತಲೆಯೆತ್ತಿ, "ನಾಳೆ ಕೂರಿಸುವ," ಎಂದರು. ತಂಗಿಗೆ, ತೊಳೆದದ್ದು ಒಳ್ಳೆಯದೇ ಆಯಿತು ಎಂದು ಹೇಳಿಕಳಿಸಿದರಂತೆ.

ಮರುದಿನ ಹೋದಾಗ ಬಾನೆಟ್ಟಿನ ಪಕ್ಕದಲ್ಲಿ ಒಂದು ಮರದ ಪೆಟ್ಟಿಗೆ ಇತ್ತು. ನಾನು ಸೊಂಟ ಆನಿಸಿ ಊರುಗೋಲು ಬಿಟ್ಟು ನಿಲ್ಲಲು ಸರಿಯಾದ ಎತ್ತರ. ನನ್ನ ಕಾಲಿನ ಬಗ್ಗೆ ಕಾಕ ಒಂದು ದಿನವೂ ಏನೂ ಕೇಳಿದವರಲ್ಲ. ಆ ಪೆಟ್ಟಿಗೆಯ ಬಗ್ಗೆಯೂ ಏನೂ ಹೇಳಲಿಲ್ಲ.

ಗೇರ್‌ಬಾಕ್ಸಿನಿಂದ ಎರಡು ಪೈಪುಗಳು. ಯಾವುದು ಹೋಗುವುದು, ಯಾವುದು ವಾಪಸು ಬರುವುದು ಎಂದು ಮೊದಲು ಗೊತ್ತಾಗಬೇಕು. ನನ್ನ ಕೈ ಎರಡರ ಮೇಲೂ ಸರದಿಯಲ್ಲಿ ಇಡಿಸಿದರು. ಒಂದರ ಮೇಲೆ ಪ್ರಮಾಣದ ಅರ್ಧಕ್ಕೇ ಕೈ ತೆಗೆದೆ. ಇನ್ನೊಂದರ ಮೇಲೆ ಕೊನೆಯವರೆಗೂ ಹೇಳಿದೆ. ಕಾಕ ಆ ಎರಡನೆಯದಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಅದನ್ನೇ ಕತ್ತರಿಸಿದರು. ಕೂಲರನ್ನು ರೇಡಿಯೇಟರಿಗೆ ತಾಗದಂತೆ ಒಂದು ಬೆರಳು ಅಂತರ ಬಿಟ್ಟು, ಎರಡು ಬಾಯಿಯೂ ಮೇಲಕ್ಕೆ ಬರುವಂತೆ ಕೂರಿಸಿದರು. ಪ್ಲಾಸ್ಟಿಕ್ ದಾರ ಹಾಕಿ ಬಿಗಿಯುವ ಕೆಲಸ ಅವರಿಗೆ ಹಿಡಿಸದು. ನಾಲ್ಕು ಕಬ್ಬಿಣದ ಪಟ್ಟಿಗಳನ್ನು ತಾವೇ ಮಾಡಿ ಬೆಸುಗೆ ಹಾಕಿದರು.

ಆ ಬೆಸುಗೆಯ ಹೊತ್ತಿಗೆ ಅದು ಆದದ್ದು. ಕೊನೆಯ ಪಟ್ಟಿಗೆ ಬೆಸುಗೆ ಹಾಕಿ ಬದಿಗಿಟ್ಟಿದ್ದರು. ಏಳುವಾಗ ಆಧಾರಕ್ಕೆಂದು ಎಡಗೈಯನ್ನು ಅದರ ಮೇಲೆಯೇ ಊರಿದರು. ಊರಿ, ಹಾಗೆಯೇ ನಿಂತು, ಹೋಸಿನ ಕ್ಲಿಪ್ಪು ಎಲ್ಲಿಟ್ಟೆ ಎಂದು ನನ್ನನ್ನು ಕೇಳಿದರು. ಚರ್ಮ ಸುಟ್ಟ ವಾಸನೆ ಮೊದಲು ಬಂದದ್ದು ನನಗೆ. "ಕಾಕ, ಕೈ! ಕೈ ತೆಗೀರಿ!" ಎಂದು ಕಿರುಚಿದೆ. ಅವರು ಕೈಯನ್ನು ಎತ್ತಿ, ಬೇರೆ ಯಾರದ್ದೋ ಕೈ ಎಂಬಂತೆ ತಿರುಗಿಸಿ ನೋಡಿದರು. ಮುಖದಲ್ಲಿ ನೋವಿನ ಒಂದು ಗೆರೆಯೂ ಇರಲಿಲ್ಲ. ಆ ಅಂಗೈಯಲ್ಲಿ ಹಳೆಯ ಸುಟ್ಟ ಕಲೆಗಳು ಒಂದರ ಮೇಲೊಂದು ಇದ್ದದ್ದನ್ನು ನಾನು ಅವತ್ತೇ ಕಂಡದ್ದು.

"ಸಕ್ಕರೆ ಕಾಯಿಲೆ ವಕೀಲರೇ," ಎಂದರು ನೀರಿಗೆ ಕೈ ಅದ್ದುತ್ತ. "ಮೊದಲು ಕಾಲಿನಲ್ಲಿ ಹೋಯಿತು. ಕೈಯಲ್ಲೂ ಬಿಸಿ ಗೊತ್ತಾಗದೆ ಐದಾರು ವರ್ಷ ಆಯಿತು."

"ಹಾಗಾದ್ರೆ ಬಿಸಿ ಯಾವುದು, ತಣ್ಣಗೆ ಯಾವುದು ಅಂತ..."

"ನಿಮ್ಮ ಕೈ ಉಂಟಲ್ಲ."

ಬಸ್ಸಿನ ಸ್ಟಾಪುಗಳು, ಹದಿನೇಳರ ಮಗ್ಗಿ, ಒಂಬತ್ತು ಮಕ್ಕಳ ಹೆಸರು, ಎಲ್ಲ ಒಟ್ಟಿಗೆ ತಲೆಗೆ ಬಂದವು. ಊರೆಲ್ಲ ಕಾಕನ ತಮಾಷೆ ಎಂದುಕೊಂಡದ್ದು ತಮಾಷೆಯಲ್ಲ. ಅವರ ಅಂಗೈ ಹೋಗಿತ್ತು, ನಮ್ಮೆಲ್ಲರ ಅಂಗೈಗಳನ್ನು ಎರವಲು ಪಡೆದು ದುಡಿಯುತ್ತಿದ್ದರು. ಮೊದಲು ನನಗೆ ಬಂದದ್ದು ಸಿಟ್ಟು. ನನ್ನ ಮುಂದಿನ ಬದುಕೇ ಆ ಪೈಪಿನಲ್ಲಿತ್ತು.

"ಕಾಕ, ನೀವು ಊಹೆಯ ಮೇಲೆ ನನ್ನ ಗಾಡಿ ಕತ್ತರಿಸಿದ್ರಾ?"

"ಊಹೆ ಅಲ್ಲ," ಎಂದರು ತಣ್ಣಗೆ. "ಸಾಕ್ಷಿ. ಬಿಸಿ ಉಂಟಾ ಅಂತ ಕೇಳಿದ್ರೆ ಒಬ್ಬೊಬ್ಬ ಒಂದೊಂದು ಹೇಳ್ತಾನೆ. ಹೆದರುವವ ಮೊದಲೇ ಉಂಟು ಅಂತಾನೆ, ನಿಮ್ಮ ಹಾಗಿನವರು ಇಲ್ಲ ಅಂತಾರೆ. ಬಾಯಿಪಾಠ ಹೇಳುವಾಗ ಸ್ವರವನ್ನು ಹಿಡಿಲಿಕ್ಕೆ ಆಗುವುದಿಲ್ಲ."

ಪಾಟಿಸವಾಲಿನ ಬಗ್ಗೆ ಇಷ್ಟು ಚೆನ್ನಾಗಿ ನನಗೆ ಕಾನೂನು ಕಾಲೇಜಿನಲ್ಲೂ ಯಾರೂ ಹೇಳಿರಲಿಲ್ಲ. ಅವರು ಗಾಯಕ್ಕೆ ಬಟ್ಟೆ ಸುತ್ತಿಕೊಂಡು ಹೋಸುಗಳನ್ನು ಬಿಗಿದರು, ಕಡಿಮೆಯಾದಷ್ಟು ಎಣ್ಣೆ ತುಂಬಿದರು. ಆಮೇಲೆ ಬೇರೆ ಯಾರಿಗೂ ಕೇಳದಂತೆ ಹೇಳಿದರು. "ಒಂದು ಉಪಕಾರ ಮಾಡ್ಬೇಕು. ನಾನು ಇರುವಷ್ಟು ದಿನ ಇದನ್ನು ಯಾರಿಗೂ ಹೇಳ್ಬೇಡಿ. ಕೈ ಹೋದ ಕಾಕನ ಹತ್ರ ಯಾರು ಬರ್ತಾರೆ?"

"ಹೇಳುವುದಿಲ್ಲ," ಎಂದೆ. ಜನ ಕರುಣೆಯಿಂದ ನೋಡುವುದು ಎಂದರೇನು ಎಂದು ನನಗೆ ಬೇರೆ ಯಾರೂ ತಿಳಿಸಬೇಕಾಗಿರಲಿಲ್ಲ.

ಆ ಮಧ್ಯಾಹ್ನವೇ ಇಬ್ಬರೂ ಸಿದ್ದಕಟ್ಟೆಯ ಏರಿಗೆ ಹೋದೆವು. ನನ್ನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಅರ್ಧ ಏರಿದಾಗ ಎದುರಿಗೆ ಬಸ್ಸು ಬಂತು; ಬ್ರೇಕಿಗೆ ಕಾಲು ಹಾಕಿದೆ. ಬಸ್ಸು ದಾಟಿತು. ಕಾಲು ಎತ್ತಿದೆ. ಗಾಡಿ ಒಂದು ಸಲ ಮೆಲ್ಲಗೆ ನಡುಗಿ, ಏನೂ ಆಗದ ಹಾಗೆ ಮೇಲಕ್ಕೆ ಹೋಯಿತು. ಒಂದಲ್ಲ, ಮೂರು ಸಲ ಏರಿಸಿ ಇಳಿಸಿದ ಮೇಲೆ ತುದಿಯಲ್ಲಿ ನಿಲ್ಲಿಸಲು ಹೇಳಿದರು. ಬಾನೆಟ್ ಎತ್ತಿ, ಬಟ್ಟೆ ಸುತ್ತಿದ ಕೈಯಿಂದ ಗುರುತಿನ ಪೈಪು ತೋರಿಸಿ, ತಾವು ಮಾರ್ಗದ ಬದಿಯ ಕಲ್ಲಿನ ಮೇಲೆ ಕಣ್ಣು ಮುಚ್ಚಿ ಕೂತರು.

ನಾನು ಪ್ರಮಾಣವನ್ನು ಪೂರ್ತಿ ಹೇಳಿದೆ.

"ಇನ್ನೊಮ್ಮೆ."

ಇನ್ನೊಮ್ಮೆ ಹೇಳಿದೆ. ಪೈಪು ಬಿಸಿಯಿತ್ತು, ಸುಡುತ್ತಿರಲಿಲ್ಲ. ಸ್ವರ ಎಲ್ಲಿಯೂ ಏರಲಿಲ್ಲ ಎಂದು ನನಗೇ ಗೊತ್ತಾಗುತ್ತಿತ್ತು.

"ಸರಿ ಉಂಟು," ಎಂದರು ಕಾಕ. ಅಷ್ಟೇ. ಗಾಳಿಯಲ್ಲಿ ಬಿಸಿ ಎಣ್ಣೆಯ ಜೊತೆ ಸಣ್ಣಗೆ ಅತ್ತರಿನ ವಾಸನೆ ಬಂತು, ಇಬ್ಬರೂ ಒಟ್ಟಿಗೇ ನಕ್ಕೆವು. ಆ ನಗುವಿನ ನಡುವೆ ನನ್ನ ಕಣ್ಣು ತುಂಬಿದ್ದನ್ನು ಅವರು ನೋಡಲಿಲ್ಲ. ಕೇಳಿಸಿಕೊಂಡಿರಬಹುದು.

ಆ ಮೇಲೆ ಏಳು ವರ್ಷ ಆ ಗಾಡಿ ನನ್ನನ್ನು ಮೂರೂ ಕೋರ್ಟಿಗೆ ಹೊತ್ತಿತು. ವರ್ಷಕ್ಕೆ ಎರಡು ಸಲ ಕಾಕನಲ್ಲಿಗೆ ಹೋಗಿ, ಪೆಟ್ಟಿಗೆಗೆ ಸೊಂಟ ಆನಿಸಿ ನಿಂತು ಪ್ರಮಾಣ ಹೇಳಿ ಬರುತ್ತಿದ್ದೆ. ಪಕ್ಕದಲ್ಲಿ ಕಾಯುತ್ತಿದ್ದವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಕಾಕ ಮಾತ್ರ ಗಂಭೀರವಾಗಿ ಕೇಳುತ್ತಿದ್ದರು. ಅವರಿಗಿಂತ ಚೆನ್ನಾಗಿ ಕೇಳುವ ನ್ಯಾಯಾಧೀಶರು ನನಗೆ ಸಿಕ್ಕಿಲ್ಲ.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಬೆಳ್ತಂಗಡಿಯಲ್ಲಿದ್ದೆ. ಕೇಸಿಗೆ ಮುಂದಿನ ತಾರೀಕು ಕೇಳಿ ಹೊರಟೆ. ಮಸೀದಿಗೆ ಒಯ್ಯುವ ಮೊದಲು ಮುಖ ನೋಡಲು ಸಿಕ್ಕಿತು. ಕಣ್ಣು ಮುಚ್ಚಿ ಕೇಳುವಾಗ ಇರುತ್ತಿದ್ದ ಅದೇ ಮುಖ. ಕೈಗಳು ಬಿಳಿ ಬಟ್ಟೆಯೊಳಗಿದ್ದವು.

ವಾಪಸು ಬರುವಾಗ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದೆ. ಬಾಗಿಲು ಹಾಕಿತ್ತು. ಮರದ ಪೆಟ್ಟಿಗೆ ಹೊರಗೆ ಮಾಡಿನ ಅಡಿಯಲ್ಲೇ ಇತ್ತು. ಅದನ್ನು ಎಳೆದುಕೊಂಡು ಬಾನೆಟ್ ಎತ್ತಿ, ಗುರುತಿನ ಪೈಪಿನ ಮೇಲೆ ಕೈ ಇಟ್ಟೆ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಹಳೆಯ ಬಸ್ ಡ್ರೈವರ್ ನಿಂತು ನೋಡಿದರು, ನಗಲಿಲ್ಲ. "ದೇವರ ಮುಂದೆ ಪ್ರಮಾಣ ಮಾಡಿ ಹೇಳುತ್ತೇನೆ, ಸತ್ಯವನ್ನೇ ಹೇಳುತ್ತೇನೆ..."

ಪೈಪು ಬರೀ ಬೆಚ್ಚಗಿತ್ತು. ಆದರೂ ಅದನ್ನು ಕೊನೆಯವರೆಗೆ ಹೇಳಿ ಮುಗಿಸಲು ನನಗೆ ಆಗಲಿಲ್ಲ.